ಸೇತುವೆಯಾಚೆ ಕೇಳುವ ಕ್ಯಾಸೆಟ್ಟು

ನಮ್ಮೂರಿನಲ್ಲಿ ಸಂಜೆ ಗೋಡೌನಿನ ನೆರಳು ಬಾವಿಕಟ್ಟೆ ಮುಟ್ಟಿತೆಂದರೆ ಸಪ್ಪಳ ನಿಲ್ಲುತ್ತದೆ. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬರುತ್ತದೆ. ನಡುವಿನ ಹೊತ್ತಿಗೆ ಮೂಕಹೊತ್ತು ಅನ್ನುತ್ತೇವೆ. ಆಗ ಹಿತ್ತಾಳೆ ಕೊಡ ಕಲ್ಲಿನ ಮೇಲೆ ಬಿದ್ದರೂ ಕೇಳುವುದಿಲ್ಲ, ನಾಯಿ ಬೊಗಳಿದರೆ ಬಾಯಿ ತೆರೆದು ಮುಚ್ಚಿದ್ದಷ್ಟೇ ಕಾಣುತ್ತದೆ. ಮೋಡ ಕವಿದು ನೆರಳು ಬೀಳದ ದಿನ ಅದು ಹೇಳದೆ ಕೇಳದೆ ಬರುತ್ತದೆ, ಮಾತಿನ ಅರ್ಧಕ್ಕೇ. ಉಳಿದರ್ಧವನ್ನು ದೀಪ ಹಚ್ಚಿದ ಮೇಲೆ ಹೇಳಿ ಮುಗಿಸುವುದು ನಮ್ಮಲ್ಲಿ ರೂಢಿ. ಎಷ್ಟೋ ಜಗಳಗಳು ಆ ನಡುವೆ ಆರಿಹೋಗಿವೆ. ಕೆಲವು ಹೊತ್ತಿಕೊಂಡೂ ಇವೆ.

ಮೂಕಹೊತ್ತಿನಲ್ಲಿ ಯಾರೂ ಮನೆಯೊಳಗೆ ಇರುವುದಿಲ್ಲ. ಒಳಗೆ ಯಾರಾದರೂ ಬಿದ್ದರೆ, ಬೆಂಕಿ ಹತ್ತಿದರೆ, ಕೂಗಿದ್ದು ಕೇಳಬೇಕಲ್ಲ. ಅದಕ್ಕೇ ಎಲ್ಲರೂ ಹೊರಗೆ ಕಟ್ಟೆಗೆ ಬಂದು ಒಬ್ಬರಿಗೊಬ್ಬರು ಕಾಣುವಂತೆ ಕೂಡುತ್ತಾರೆ. ತೊಟ್ಟಿಲಲ್ಲಿ ಕೂಸಿದ್ದರೆ ಅದರ ಕಾಲಿಗೊಂದು ನೂಲು ಕಟ್ಟಿ, ಇನ್ನೊಂದು ತುದಿಯನ್ನು ತಾಯಿ ತನ್ನ ಕಾಲ್ಬೆರಳಿಗೆ ಸುತ್ತಿಕೊಂಡಿರುತ್ತಾಳೆ. ಹೀಗೆ ಕುಳಿತಾಗ ಒಬ್ಬರ ಕೈ ನೋಡಬಹುದು, ಕಾಲು ನೋಡಬಹುದು, ಬಾಯಿ ಮಾತ್ರ ನೋಡಬಾರದು. ಬಾಯಿ ನೋಡುವುದೆಂದರೆ ಬಚ್ಚಲಿಗೆ ಇಣುಕಿದಷ್ಟೇ ತಪ್ಪು. ಯಾಕೆಂದರೆ ಆ ಹೊತ್ತಿನಲ್ಲಿ ಎಲ್ಲರೂ ಮಾತಾಡುತ್ತಾರೆ. ಹಗಲೆಲ್ಲ ಗಂಟಲಲ್ಲಿ ಹಿಡಿದಿಟ್ಟದ್ದನ್ನು ದನಿ ತೆಗೆದು ಆಡಿ ಹಗುರಾಗುತ್ತಾರೆ. ಯಾರಿಗೂ ಕೇಳುವುದಿಲ್ಲ, ಆಡಿದವರಿಗೂ ಕೇಳುವುದಿಲ್ಲ.

ನಾನು ಸೇತುವೆಯಾಚೆಯಿಂದ ಮದುವೆಯಾಗಿ ಬಂದವಳು. ಮೊದಲ ಸಂಜೆ ನನ್ನ ಕಿವಿ ಹೋದವು ಎಂದು ಹೆದರಿ ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಗದ್ದ ಹಿಡಿದು ಮುಖವನ್ನು ಕೆಳಗೆ ತಿರುಗಿಸಿದಳು. ಆಮೇಲೆ ರೂಢಿಯಾಯಿತು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರ ಕೂಡಿಸಿ ಓದುವುದಷ್ಟೇ ಬರುತ್ತದೆ, ಆದರೆ ನೋಡಿದ್ದನ್ನು ಮರೆಯುವುದಿಲ್ಲ.

ನಮ್ಮ ಮನೆಯವರ ಹೆಸರನ್ನು ನಾನು ಹೇಳುವಂತಿಲ್ಲ. ಊರವರು ಸಾವ್ಕಾರ್ರು ಅನ್ನುತ್ತಾರೆ. ನಾಲ್ಕು ಓಣಿಗೂ ಅವರೇ ಹಿರಿಯರು, ನ್ಯಾಯ ಹೇಳುವವರು. ಅವರಿಗೆ ಮಾತು ಬಹಳ. ಬೆಳಗ್ಗೆ ಕಣ್ಣು ಬಿಡುವ ಮೊದಲೇ ಶುರುವಾದರೆ ರಾತ್ರಿ ನಿದ್ದೆ ಅವರ ಬಾಯಿ ಮುಚ್ಚಿಸಬೇಕು. ನಾನು ಹ್ಞೂಂ ಅನ್ನುತ್ತೇನೆ. ಮೂಕಹೊತ್ತಿನಲ್ಲಿ ಮಾತ್ರ ಅವರು ಸುಮ್ಮನಿರುತ್ತಾರೆ. ತನ್ನ ಮಾತು ತನಗೇ ಕೇಳದಿದ್ದರೆ ಅವರಿಗೆ ಆಡುವುದಕ್ಕೆ ಮನಸ್ಸಿಲ್ಲ. ಬಾಗಿಲ ಆ ಕಡೆಯ ಕಟ್ಟೆಯ ಮೇಲೆ ತಮ್ಮ ಕಾಲ ಹೆಬ್ಬೆರಳು ನೋಡುತ್ತ ಕೂಡುತ್ತಾರೆ. ಈ ಕಡೆಯ ಕಟ್ಟೆಯ ಮೇಲೆ ನಾನು ಎಲೆ-ಅಡಿಕೆಯ ತಟ್ಟೆ ಇಟ್ಟುಕೊಂಡು ಕೂಡುತ್ತೇನೆ. ಮದುವೆಯಾಗಿ ಬಹಳ ದಿನಗಳಾಗಿರಲಿಲ್ಲ, ಒಂದು ಸಂಜೆ ಹಾಗೇ ಕುಳಿತಾಗ ಅವರ ಹೆಸರು ಹಿಡಿದು ಕರೆದೆ. ಏನೂ ಆಗಲಿಲ್ಲ. ಅವರು ಹೆಬ್ಬೆರಳು ನೋಡುತ್ತಲೇ ಇದ್ದರು. ಅಂದಿನಿಂದ ದಿನಾ ಕರೆದೆ. ಕೂದಲು ಬೆಳ್ಳಗಾದ ಮೇಲೂ ಕರೆದೆ. ಗಂಡನ ಹೆಸರು ಹೆಂಡತಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿದ್ದಳು. ಕೇಳದ ಹೆಸರಿಗೆ ಆ ಲೆಕ್ಕವಿಲ್ಲವೆಂದುಕೊಂಡೆ. ಊರಿಗೂ ಅವರಿಗೂ ನಾನು ಎಲೆ ಜಗಿಯುವವಳು, ಅಷ್ಟೇ.

ನಮ್ಮ ಮನೆಗೆ ಹತ್ತಿಕೊಂಡೇ ಮಾವನವರ ಕಾಲದ ಹತ್ತಿ ಗೋಡೌನಿದೆ. ನಾಲ್ಕು ಓಣಿಗಳು ಬಂದು ಕೂಡುವುದು ಅದರ ಮುಂದೆ. ಹತ್ತಿಯ ವ್ಯಾಪಾರ ಬೇರೆ ಊರಿಗೆ ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಆ ಗೋಡೌನಿನಲ್ಲೇ ಒಂದು ಬ್ಯಾಂಡು ಹುಟ್ಟಿತು.

ಕಾಶವ್ವ ಅಂತ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವ ಹುಡುಗಿ. ಅವಳ ಅಜ್ಜಿ ಗೀಗೀ ಪದ ಹಾಡುತ್ತಿದ್ದವಳು. ಕಾಶವ್ವ ಗಿರಣಿ ತಿರುಗುವಾಗ ಅದರ ಸದ್ದಿನ ಮೇಲೆ ತನ್ನ ದನಿ ಏರಿಸಿ ಹಾಡುತ್ತಿದ್ದಳು. ಜೋಳ ಬೀಸಿಸಲು ಬಂದ ಸಾಮುವೇಲ ಅದನ್ನು ಕೇಳಿ ಹಿಟ್ಟನ್ನು ಅಲ್ಲೇ ಮರೆತು ಹೋದ. ಅವನು ಸೈಕಲ್ ರಿಪೇರಿಯವನು, ಚರ್ಚಿನಲ್ಲಿ ಗಿಟಾರು ನುಡಿಸುತ್ತಿದ್ದ. ಅವನ ಹತ್ತಿರ ಕರೆಂಟಿನ ಗಿಟಾರು ಒಂದಿತ್ತು. ಅವನ ಗೆಳೆಯ ಮೌಲಾ ಟೇಲರು. ನಾಟಕ ಕಂಪನಿ ಮುಚ್ಚುವವರೆಗೂ ಅಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದವನು. ನಾಲ್ಕನೆಯವನು ದ್ಯಾವಪ್ಪ, ಹಲಗೆಯವನು. ಅವನು ಹಲಗೆಯ ಜೊತೆಗೆ ಎರಡು ಎಣ್ಣೆಡಬ್ಬಿ, ಒಂದು ಕಬ್ಬಿಣದ ತಗಡನ್ನು ಕಟ್ಟಿಕೊಂಡು ಕಾಲಿಂದ ಒಂದನ್ನು, ಕೈಯಿಂದ ಒಂದನ್ನು ಬಡಿಯುತ್ತಿದ್ದ. ನಾಲ್ವರೂ ನಾಲ್ಕು ಓಣಿಯವರು. ಹಾಗಾಗಿ ನಾಲ್ಕೋಣಿ ಎಂದೇ ಹೆಸರಿಟ್ಟುಕೊಂಡರು.

ಮೊದಲ ದಿನ ಹಾಡುಹಗಲೇ ಗೋಡೌನಿನಲ್ಲಿ ಅರ್ಧ ಹಾಡು ಬಾರಿಸಿದ್ದೇ ತಡ, ನಾಲ್ಕು ಓಣಿಯ ಮಂದಿಯೂ ನಮ್ಮ ಕಟ್ಟೆಗೆ ಬಂತು. ಚರ್ಚಿನವರಿಗೆ ಹಲಗೆ ಬೇಡ, ಹಲಗೆಯವರಿಗೆ ಪೇಟಿಯ ನಾಟಕದ ಮಟ್ಟು ಬೇಡ, ಯಾರಿಗೂ ಹೆಣ್ಣುಹುಡುಗಿಯ ಹಾಡು ಬೇಡ.

"ಎಮ್ಮಿ ಹಾಲು ಬಿಡವಲ್ದ್ರಿ ಸಾವ್ಕಾರ್ರ, ಅಷ್ಟ್ ಬಡೀತಾರ," ಅಂದ ಕಿರಾಣಿ ಅಂಗಡಿಯ ವೀರಭದ್ರಪ್ಪ.

ನಮ್ಮ ಮನೆಯವರು ಮೀಸೆ ತಿರುವಿದರು. ಅವರಿಗೆ ನ್ಯಾಯವನ್ನು ನಗೆ ಬರುವಂತೆ ಹೇಳುವುದೆಂದರೆ ಇಷ್ಟ. "ಬಾರಿಸಬ್ಯಾಡ್ರಿ ಅನ್ನಾಂಗಿಲ್ಲ ನಾನು. ಮೂಕಹೊತ್ತಿನ್ಯಾಗ ಬಾರಿಸ್ಕೋರಿ. ಎಷ್ಟರ ಬಾರಿಸ್ರಿ. ಎಮ್ಮಿಗೂ ತ್ರಾಸಿಲ್ಲ, ವೀರಭದ್ರಪ್ಪಗೂ ತ್ರಾಸಿಲ್ಲ."

ಮಂದಿ ನಕ್ಕಿತು. ಕಾಶವ್ವ ನಗಲಿಲ್ಲ. "ಆತ್ರಿ," ಅಂದಳು. "ಕೀಲಿ ಕೊಡ್ರಿ."

ಮರುದಿನದಿಂದ ಅವರು ಮೂಕಹೊತ್ತಿನಲ್ಲಿ ಬಾರಿಸತೊಡಗಿದರು. ನಾನು ಕೂಡುವ ಜಾಗದಿಂದ ಗೋಡೌನಿನ ದೊಡ್ಡ ಬಾಗಿಲು ಎರಡು ಮಾರು. ಅವರ ಕೈ ನೋಡುವುದಕ್ಕೆ ಅಡ್ಡಿಯಿಲ್ಲವಲ್ಲ, ನೋಡಿದೆ. ನೆರಳು ಬಾವಿಗೆ ಬರುವ ಮುಂಚೆ ಮೌಲಾ ಪೇಟಿಯ ಒಂದೇ ಮನೆಯನ್ನು ಒತ್ತಿ ಹಿಡಿಯುತ್ತಿದ್ದ. ಸಾಮುವೇಲ ಗಿಟಾರಿನ ಕಿವಿ ತಿರುವಿ ಅದಕ್ಕೆ ಕೂಡಿಸಿಕೊಳ್ಳುತ್ತಿದ್ದ, ಕಾಶವ್ವ ಬಾಯಿಮುಚ್ಚಿ ಅದೇ ಸ್ವರ ಗುಂಯ್‌ಗುಡುತ್ತಿದ್ದಳು. ಮೊದಲ ದಿನದ ಅರ್ಧ ಹಾಡು ಬಿಟ್ಟರೆ ಅವರು ನಾಲ್ವರೂ ಕೂಡಿ ಕೇಳಿದ ಸಪ್ಪಳ ಅದೊಂದೇ. ಆಮೇಲೆ ಎಲ್ಲ ಕಣ್ಣಿನ ಕೆಲಸ. ಕಾಶವ್ವ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು, ಮೂವರೂ ಅವಳ ಕೈ ನೋಡಿ ನಡೆಯುತ್ತಿದ್ದರು. ಅವಳು ಕೈ ಮೇಲೆತ್ತಿದರೆ ಎಲ್ಲರೂ ಒಮ್ಮೆಲೇ ನಿಲ್ಲಬೇಕು, ಇಳಿಸಿದರೆ ಹೊರಡಬೇಕು. ಅವಳು ಏನು ಹಾಡುತ್ತಾಳೆಂದು ಉಳಿದವರಿಗೆ ಗೊತ್ತಿಲ್ಲ, ಬಾಯಿ ನೋಡುವಂತಿಲ್ಲ. ಸಾಮುವೇಲ ಏನು ನುಡಿಸುತ್ತಾನೆಂದು ಮೌಲಾನಿಗೆ ಗೊತ್ತಿಲ್ಲ. ಅವರವರ ಓಣಿಯಲ್ಲಿ ಅವರವರು ಕಲಿತದ್ದನ್ನು ಅವರವರು ನುಡಿಸಿದರು. ತಪ್ಪೋ ಸರಿಯೋ ಹೇಳುವವರು ಯಾರೂ ಇರಲಿಲ್ಲ.

ಹೀಗೆ ವರ್ಷಗಳು ಹೋದವು. ಮಂದಿ ಮರೆತೇಬಿಟ್ಟಿತು.

ಒಂದು ಸಲ ಬಸ್ಸು ಕೆಟ್ಟು ಒಬ್ಬ ಮನುಷ್ಯ ನಮ್ಮೂರಿನಲ್ಲಿ ಉಳಿಯಬೇಕಾಯಿತು. ದೂರದ ಕ್ಯಾಸೆಟ್ ಕಂಪನಿಯವನು, ಹೆಸರು ಫಣಿರಾಜ ಅಂತ. ಹೆಗಲಿಗೆ ಹಾಡು ಹಿಡಿಯುವ ಮಷೀನು, ಕೈಯಲ್ಲಿ ಉದ್ದನೆಯ ಮೈಕು. ಮೂಕಹೊತ್ತು ಬಂದಾಗ ಪಾಪ ಕಿವಿ ಉಜ್ಜಿಕೊಂಡ, ತಲೆ ಬಡಿದುಕೊಂಡ. ವೀರಭದ್ರಪ್ಪ ಕೈಸನ್ನೆ ಮಾಡಿ ಕೂಡಿಸಿದ. ಅವನು ಗೋಡೌನಿನ ಬಾಗಿಲಲ್ಲಿ ಕುಳಿತು ನಾಲ್ವರ ಕೈ ನೋಡುತ್ತ, ಮಷೀನು ಕೆಟ್ಟಿದೆಯೋ ಏನೋ ಎಂದು ಪರೀಕ್ಷೆಗೆ ಅದನ್ನು ಚಾಲು ಮಾಡಿದ. ಕಿವಿಗೆ ಏನೂ ಇಲ್ಲ. ಮಷೀನಿನ ಗಾಜಿನೊಳಗಿನ ಮುಳ್ಳು ಮಾತ್ರ ಕುಣಿಯುತ್ತಿತ್ತು. ದ್ಯಾವಪ್ಪನ ಕೈ ಬಿದ್ದಾಗ ಏಳುತ್ತಿತ್ತು, ಕಾಶವ್ವನ ಕೈ ಮೇಲೆ ಹೋದಾಗ ಮಲಗುತ್ತಿತ್ತು.

ಬಸ್ಸು ರಿಪೇರಿಯಾದ ಮೇಲೂ ಅವನು ಹೋಗಲಿಲ್ಲ. ದಿನಾ ಸಂಜೆ ಮೈಕು ಬಾಗಿಲಲ್ಲಿ ನಿಲ್ಲಿಸಿ ಒಂದೊಂದು ಹಾಡು ಸುರುಳಿಗೆ ಹಿಡಿದ. ಊರೊಳಗೆ ಆ ಸುರುಳಿ ಯಾವ ಹೊತ್ತಿಗೆ ಹಾಕಿದರೂ ಸುಮ್ಮನೆ ತಿರುಗುತ್ತಿತ್ತು, ದನಿಯಿಲ್ಲ. ಕಡೆಗೆ ನಾಲ್ವರನ್ನೂ ಕರೆದುಕೊಂಡು ಸೇತುವೆ ದಾಟಿ, ಆಚೆ ತುದಿಯ ಚಾದಂಗಡಿಯಲ್ಲಿ ಮಷೀನು ಇಟ್ಟು ಹಾಕಿದ. ಅಲ್ಲಿ ಅದು ಕೇಳಿತು.

ಅಲ್ಲಿ ನಡೆದದ್ದನ್ನು ಕಾಶವ್ವ ನನಗೆ ಆಮೇಲೆ ಹೇಳಿದಳು. ಮೊದಲ ಹಾಡು ಮುಗಿಯುವವರೆಗೂ ಯಾರೂ ಚಹಾ ಮುಟ್ಟಲಿಲ್ಲವಂತೆ. ಮುಗಿದ ಮೇಲೆ ಮೌಲಾ ಸಾಮುವೇಲನ ಕಡೆ ತಿರುಗಿದ.

"ಲೇ, ಇಷ್ಟ ವರ್ಷ ನೀ ಇದನ್ನ ಬಾರಿಸ್ತಿದ್ದಿ?"

"ಹೌದು. ಯಾಕ?"

"ನಾ ನಾಟಕದಾಗ ಸತ್ತ ಸೀನಿಗೆ ಬಾರಿಸೋದು ಬಾರಿಸೇನಿ. ನೀ ನೋಡಿದ್ರ ಹಬ್ಬದ ಪ್ರಾರ್ಥನಿ ನಡಸೀದಿ!"

"ಮತ್ತ ನೀ ಅರ್ಧಾ ಕಣ್ಣ ಮುಚ್ಚಿ ಅಷ್ಟ ಖುಷೀಲೆ ತಲಿ ಆಡಸ್ತಿದ್ದೆಲ್ಲೋ? ಹಬ್ಬ ಅನಕೊಂಡೆ."

"ಅಳತಿದ್ನೋ ಮಾರಾಯಾ."

ದ್ಯಾವಪ್ಪ ನಕ್ಕು ನಕ್ಕು ಬೆಂಚಿನಿಂದ ಕೆಳಗೆ ಜಾರಿದ. ಅವನದು ಮದುವೆ ಮೆರವಣಿಗೆಯ ಬಡಿತ. ಇದೆಲ್ಲದರ ಮೇಲೆ ಕಾಶವ್ವನ ಗೀಗೀ ಪದ, ಗಿರಣಿಯ ಸದ್ದಿಗೆ ಏರಿಸಿ ರೂಢಿಯಾದ ದನಿ. ಫಣಿರಾಜ ಕಣ್ಣೊರೆಸಿಕೊಳ್ಳುತ್ತ, "ಇದು ರಾಕ್ ಕಣ್ರೀ, ಆದ್ರೆ ಇಂಥದ್ದು ಎಲ್ಲೂ ಇಲ್ಲ. ಇಷ್ಟೆಲ್ಲ ಬೆರೆಸೋದಕ್ಕೆ ಎಷ್ಟು ತಲೆ ಓಡಿಸಿದ್ದೀರಿ ನೀವು!" ಅಂದನಂತೆ. ನಾಲ್ವರೂ ಆರಿದ ಚಹಾ ಎತ್ತಿಕೊಂಡರು.

ಮೂರನೇ ಹಾಡಿಗೆ ಕಾಶವ್ವನ ಕಿವಿ ನೆಟ್ಟಗಾಯಿತು. ಹಾಡಿನ ಹಿಂದೆ ಯಾರೋ ಮಾತಾಡುತ್ತಿದ್ದರು. ಗಮನಿಸಿ ಕೇಳಿದರೆ ಗಿರಣಿ ಮಾಲಕನ ಸೊಸೆ ಅತ್ತೆಯನ್ನು ಬೈಯುತ್ತಿದ್ದಾಳೆ. ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದೇ ಕಟ್ಟೆಯ ಮೇಲೆ ಅವಳಿಗೆ ಭುಜ ತಾಗಿಸಿ ಕುಳಿತ ಅತ್ತೆ ಸೊಸೆಯನ್ನು ಬೈಯುತ್ತಿದ್ದಾಳೆ. ತಾಳಕ್ಕೆ ಸರಿಯಾಗಿ ಸವಾಲು-ಜವಾಬಿನಂತೆ ಬಂದಿತ್ತು. ಮೈಕು ಬಾಗಿಲಲ್ಲಿ ನಿಂತಿತ್ತು, ನಾಲ್ಕು ಓಣಿಯ ಮಂದಿಯೂ ಹೊರಗೆ ಕಟ್ಟೆಗಳ ಮೇಲಿತ್ತು. ಎಲ್ಲ ಹಿಡಿದುಕೊಂಡಿತ್ತು ಆ ಸುರುಳಿ.

ಇಂಥ ಸುದ್ದಿಯನ್ನು ದ್ಯಾವಪ್ಪನ ಹೊಟ್ಟೆ ಹಿಡಿಯಲಾರದು. ಮರುದಿನಕ್ಕೇ ಊರೆಲ್ಲ ಆಯಿತು. ಅಂದಿನಿಂದ ನಮ್ಮೂರವರಿಗೆ ಸೇತುವೆಯಾಚೆ ಬಹಳ ಕೆಲಸಗಳು ಹುಟ್ಟಿದವು. ಒಬ್ಬನಿಗೆ ಅಲ್ಲಿಯ ಉಪ್ಪೇ ಬೇಕು, ಒಬ್ಬಳಿಗೆ ಅಲ್ಲಿಯ ಸೂಜಿಯೇ ಬೇಕು. ಚಾದಂಗಡಿಯಲ್ಲಿ ಫಣಿರಾಜನ ಮಷೀನಿಗೆ ಕಿವಿ ಹಚ್ಚಿ, ತಮ್ಮ ದನಿ ಸಿಕ್ಕೊಡನೆ ಮುಖ ಬಿಳಿಚಿಕೊಂಡು ಎದ್ದು ಬರುತ್ತಿದ್ದರು. ವೀರಭದ್ರಪ್ಪ ಎಂದೋ ತೀರಿಕೊಂಡ ತನ್ನ ತಾಯಿಗೆ ದಿನದ ವ್ಯಾಪಾರವನ್ನೆಲ್ಲ ಒಪ್ಪಿಸುತ್ತಿದ್ದ, ನಡುನಡುವೆ "ಹೌದಲ್ಲಬೇ?" ಎಂದು ಕೇಳುತ್ತಿದ್ದ. ಶಾಲೆಯ ಮಾಸ್ತರರು ತಮಗೆ ಚಿಕ್ಕಂದಿನಲ್ಲಿ ಹೊಡೆದ ಮಾಸ್ತರನಿಗೆ ಉತ್ತರ ಕೊಡುತ್ತಿದ್ದರು. ಗಿರಣಿ ಮಾಲಕನ ಮನೆಯಲ್ಲಿ ಅತ್ತೆ-ಸೊಸೆ ಇಬ್ಬರೂ ಒಂದೇ ದಿನ ಹೋಗಿ ಕೇಳಿ ಬಂದರು. ಬಂದವರು ಕೂಡಿ ರೊಟ್ಟಿ ಬಡಿದರಂತೆ.

ಫಣಿರಾಜ ಒಳ್ಳೆಯ ಮನುಷ್ಯ. ಹಿಂದಿನ ಮಾತು ಬೇಡವಾದರೆ ಹಾಡುಗಳನ್ನು ಇನ್ನೊಮ್ಮೆ ಹಿಡಿಯೋಣ ಅಂದ. ಚಾದಂಗಡಿಯ ಹಿಂದೆ ಒಂದು ಕೋಣೆಯಲ್ಲಿ ನಾಲ್ವರನ್ನೂ ಕೂಡಿಸಿ ಬಾರಿಸಲು ಹಚ್ಚಿದ. ಆಗಲಿಲ್ಲ. ಈಗ ಒಬ್ಬರದು ಒಬ್ಬರಿಗೆ ಕೇಳುತ್ತಿತ್ತು. ಪೇಟಿಗೆ ದಾರಿ ಬಿಡಲು ದ್ಯಾವಪ್ಪ ಕೈ ಹಗುರ ಮಾಡಿದ, ಗಿಟಾರಿಗೆ ಮರ್ಯಾದೆ ಕೊಡಲು ಮೌಲಾ ಮಟ್ಟು ಬದಲಿಸಿದ, ಸಾಮುವೇಲ ಕಾಶವ್ವನ ದನಿಯ ಹಿಂದೆ ಹಿಂದೆ ನಡೆದ. ಬಾಗಿಲಲ್ಲಿ ನಿಂತು ನೀವು ಮೊದಲು, ನೀವು ಮೊದಲು ಅನ್ನುವ ಬೀಗರ ಹಾಗಾಯಿತು. ಮತ್ತೆ ಊರಿಗೆ ಬಂದು ಮೂಕಹೊತ್ತಿನಲ್ಲಿ ಬಾರಿಸಿ ನೋಡಿದರು. ಕಿವಿಗೆ ಕೇಳದಿದ್ದರೂ ತಲೆಯಲ್ಲಿ ಕೇಳುತ್ತಿತ್ತು. ಮಷೀನಿನ ಮುಳ್ಳು ಕುಣಿಯಿತು, ಆದರೆ ಸೇತುವೆಯಾಚೆ ಹಾಕಿದಾಗ ಸಪ್ಪೆ. ಕೇಳಿಬಿಟ್ಟವರು ಕೇಳದವರಾಗುವುದು ಹೇಗೆ. ಹಾಗಾಗಿ ಇದ್ದದ್ದು ಆ ಸುರುಳಿಗಳಷ್ಟೇ. ಅವು ಹೋದರೆ ಹೋದವೇ.

ನಾಲ್ಕು ಓಣಿಯ ಮಂದಿ ಮತ್ತೆ ನಮ್ಮ ಕಟ್ಟೆಗೆ ಬಂದಿತು. ಈ ಸಲ ನಗೆಯಿರಲಿಲ್ಲ. ಸುರುಳಿಗಳ ಪೆಟ್ಟಿಗೆಯನ್ನು ತಂದು ನಮ್ಮ ಮನೆಯವರ ಮುಂದೆ ಇಟ್ಟರು.

"ಸುಟ್ಟುಬಿಡ್ರಿ ಸಾವ್ಕಾರ್ರ," ಅಂದ ವೀರಭದ್ರಪ್ಪ. "ನಾಳೆ ಇದು ಹತ್ತೂರಿನ ಚಾದಂಗಡ್ಯಾಗ ಕೂಗಿದ್ರ ನಮ್ಮ ಮಾನ ಏನಾಗಬೇಕು?"

"ಮೈಕ್ ಇಟ್ಟವ್ನ ತಪ್ಪದು, ಬಾರಿಸಿದವ್ರದು ಏನ್ ತಪ್ಪ?" ಅಂದ ದ್ಯಾವಪ್ಪ.

"ನೀ ಸುಮ್ಕಿರಲೇ. ಊರತುಂಬ ಡಂಗುರಾ ಬಡದವ ನೀನs."

ಕಾಶವ್ವ ಮುಂದೆ ಬಂದಳು. ಅವಳ ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು. "ಸಾವ್ಕಾರ್ರ, ನಮ್ಮಜ್ಜಿ ಹಾಡಿದ್ದು ಆಕಿ ಜೋಡೀನs ಹ್ವಾತು. ನಂದೂ ಹಂಗ ಹೋಗತೈತಿ ಅಂತ ತಿಳದಿದ್ದೆ. ನೀವs ಹೇಳಿದ್ರಿ, ಮೂಕಹೊತ್ತಿನ್ಯಾಗ ಬಾರಿಸ್ರಿ ಅಂತ. ಬಾರಿಸಿದಿವಿ. ನಾವು ಬಾರಿಸಿದ್ದು ಹೌದೋ ಅಲ್ಲೋ ಅನ್ನೋದಕ್ಕ ಇದನ್ನ ಬಿಟ್ರ ಬ್ಯಾರೆ ಏನೂ ಇಲ್ರಿ."

ನಮ್ಮ ಮನೆಯವರು ಬಹಳ ಹೊತ್ತು ಮಾತಾಡಿದರು. ಒಟ್ಟಿನಲ್ಲಿ ಹೇಳಿದ್ದು ಇಷ್ಟು: "ಕೇಳದ ನ್ಯಾಯ ಹೇಳಾಂವ ನಾನಲ್ಲ. ಸಂತೀ ದಿನ ಪಂಚರ ಜೋಡಿ ಹೋಗಿ ಪೂರಾ ಕೇಳ್ತೀನಿ, ಅಲ್ಲೀತನಕ ಪೆಟ್ಟಿಗಿ ಫಣಿರಾಜನ ಹತ್ತರ ಇರ್ಲಿ. ಕೇಳಿದ ಮ್ಯಾಲೆ ಸುಡೂದೋ ಬಿಡೂದೋ ಅಲ್ಲೇ ಹೇಳ್ತೀನಿ. ನಾನs ಯಾಕ ಹೇಳಬೇಕು ಅಂದ್ರ, ನಂದು ಅದರಾಗ ಏನೂ ಇಲ್ಲ. ಮೂಕಹೊತ್ತಿನ್ಯಾಗ ನಾ ತುಟಿ ಪಿಟಕ್ ಅಂದವ ಅಲ್ಲ. ನಮ್ಮಾಕಿನೂ ಅಷ್ಟ. ಎಲಿ ಜಗಿಯೋದೊಂದs ಆಕಿಗೆ ಗೊತ್ತಿರೂದು."

ಎಲ್ಲರೂ ಹೌದೌದು ಅಂದರು. ಕಾಶವ್ವ ಮಾತ್ರ ನನ್ನ ಕಡೆ ನೋಡಿ, ಕೂಡಲೇ ನೆಲ ನೋಡಿದಳು. ಆಗ ನನಗೆ ತಿಳಿಯಿತು.

ಸಂತೆಯ ಹಿಂದಿನ ದಿನ ಮಧ್ಯಾಹ್ನ ಅವಳು ಹಿತ್ತಿಲ ಬಾಗಿಲಿಗೆ ಬಂದಳು. ನಾನು ಅಕ್ಕಿ ಆರಿಸುತ್ತಿದ್ದೆ. ಅವಳೂ ಮೊರದ ಈಚೆ ಕುಳಿತು ಎರಡು ಕಲ್ಲು ಆರಿಸಿ ಹಾಕಿದಳು.

"ಚಿಗವ್ವಾ, ಐದನೇ ಹಾಡಿನ್ಯಾಗ ನೀವು ಅದೀರಿ."

"ಹೌದೇನು."

"ಮೈಕಿಗೆ ಎಲ್ಲಾರಿಗಿಂತ ಹತ್ತರ ನೀವs ಇದ್ರಿ. ಸ್ವಚ್ಛ ಕೇಳತೈತಿ. ನಾ ಕೈ ಎತ್ತಿ ಎಲ್ಲಾ ನಿಂದ್ರಸ್ತೀನಲ್ರಿ, ಅಲ್ಲೇ ಬರತೈತಿ. ಫಣಿರಾಜಣ್ಣ ಅದೂ ಹಾಡಿಂದs ಅಂತ ತಿಳದಾನ." ಅವಳು ದನಿ ತಗ್ಗಿಸಿದಳು. "ಸಾವ್ಕಾರ್ರು ಕೇಳಿದ್ರ ಎಲ್ಲಾ ಸುಡತಾರ್ರಿ. ಐದನೇದರ ಸುರುಳಿ ಬ್ಯಾರೇನs ಐತಿ, ಊರಾಗಿನವ್ರ ಮುಂದ ಇನ್ನೂ ಹಾಕಿಲ್ಲ. ನೀವು ಹ್ಞೂಂ ಅಂದ್ರ ಅದೊಂದನ್ನ ಹೊಳಿಗೆ ಒಗದ ಬರ್ತೀನಿ. ನಿಮಗೂ ತ್ರಾಸಿಲ್ಲ, ಉಳದಾವೂ ಉಳೀತಾವ."

ನಾನು ಒಂದು ಹಿಡಿ ಅಕ್ಕಿ ಆರಿಸಿ ಮುಗಿಸಿದೆ. "ಎಲ್ಲಾದರಾಗ ನಿನಗ ಚಲೋ ಅನಸೂದು ಯಾವುದು?"

ಅವಳು ಮೊರದಲ್ಲಿ ಬೆರಳಾಡಿಸಿದಳು.

"ಹೇಳಬೇ."

"ಅದs."

"ಹಂಗಾರ ಇರ್ಲಿ."

"ಸಾವ್ಕಾರ್ರು ಕೇಳತಾರ್ರೀ ಚಿಗವ್ವಾ!"

"ಕೇಳ್ಲಿ ಬಿಡು. ಇಷ್ಟ ವರ್ಷ ನಾ ಅವರ್ದು ಕೇಳೇನಿ."

ಸಂತೆಯ ದಿನ ನಾನೂ ಬರುತ್ತೇನೆ ಅಂದೆ. ಸೂಜಿ ಬೇಕಿತ್ತು ಅಂದೆ. ನಮ್ಮ ಮನೆಯವರು ದಾರಿಯುದ್ದಕ್ಕೂ ಪಂಚರಿಗೆ ನ್ಯಾಯ ಹೇಳುವುದು ಹೇಗೆಂದು ಹೇಳುತ್ತ ಮುಂದೆ ನಡೆದರು. ನಾನು ಹಿಂದೆ. ಸೇತುವೆಯ ಕೆಳಗೆ ಹೊಳೆಯಲ್ಲಿ ನೀರು ಕಡಿಮೆ ಇತ್ತು, ಬಂಡೆಗಳ ಮೇಲೆ ಯಾರೋ ಕೌದಿ ಒಣಹಾಕಿದ್ದರು.

ಚಾದಂಗಡಿಯಲ್ಲಿ ಗಂಡಸರು ಬೆಂಚಿನ ಮೇಲೆ ಕುಳಿತರು. ನಾನು ಒಲೆಯ ಹತ್ತಿರ ಕಟ್ಟಿಗೆಯ ರಾಶಿಯ ಮೇಲೆ ಕುಳಿತೆ. ಕಾಶವ್ವ ಮತ್ತು ಮೂವರು ಹುಡುಗರು ಹೊರಗೆ ನಿಂತರು. ಫಣಿರಾಜ ಮಷೀನು ಹಾಕಿದ. ನಾನು ಆ ಬ್ಯಾಂಡನ್ನು ಇಷ್ಟು ವರ್ಷ ನೋಡಿದ್ದೆ, ಕೇಳಿರಲಿಲ್ಲ. ಹೇಗಿತ್ತೆಂದು ಹೇಳಲು ನನಗೆ ಬರುವುದಿಲ್ಲ. ಮದುವೆಯ ಮನೆಗೂ ಸತ್ತ ಮನೆಗೂ ನಡುವೆ ಒಂದೇ ಗೋಡೆಯಿದ್ದು, ಆ ಗೋಡೆ ಬಿದ್ದರೆ ಹೇಗಿರುತ್ತದೋ ಹಾಗೆ ಇತ್ತು. ಚಾದಂಗಡಿಯ ಗಿರಾಕಿಗಳು, ಬೇರೆ ಊರಿನವರು, ಕಾಲು ಕುಣಿಸುತ್ತಿದ್ದರು.

ಮೂರನೆಯದರಲ್ಲಿ ಅತ್ತೆ-ಸೊಸೆಯ ಬೈಗುಳ ಬಂತು. ನಮ್ಮ ಮನೆಯವರು ತೊಡೆ ತಟ್ಟಿ ನಕ್ಕರು. ನಾಲ್ಕನೆಯದರಲ್ಲಿ ವೀರಭದ್ರಪ್ಪನ ತಾಯಿಯ ಜೊತೆಗಿನ ಮಾತು ಬಂತು, ವೀರಭದ್ರಪ್ಪ ಟೋಪಿ ಕೆಳಗೆ ಎಳೆದುಕೊಂಡ. "ಇದನ್ನ ನೋಡ್ರಿ, ಇಂಥಾದ್ದನ್ನ ಹೊರಗ ಬಿಡಾಕ ಬರತೈತೇನು?" ಅಂದರು ನಮ್ಮ ಮನೆಯವರು. ಆಗಲೇ ಅವರ ಮನಸ್ಸು ಗಟ್ಟಿಯಾಗಿತ್ತು. ಹೊರಗೆ ಕಾಶವ್ವ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

ಐದನೆಯ ಹಾಡು ಶುರುವಾಯಿತು. ಹಲಗೆ ಏರಿತು, ಗಿಟಾರು ಅದರ ಹಿಂದೆ ಏರಿತು, ಪೇಟಿ ಅತ್ತಿತು, ಕಾಶವ್ವನ ದನಿ ಎಲ್ಲದರ ಮೇಲೆ ಹೋಗಿ ಒಮ್ಮೆಲೇ ನಿಂತಿತು. ಎಲ್ಲ ನಿಂತವು. ಆ ಖಾಲಿಯಲ್ಲಿ ಒಬ್ಬ ಹೆಂಗಸು ಕರೆದಳು.

"ರಾಚಪ್ಪಾ."

ಹಾಡು ಮತ್ತೆ ಹೊರಟಿತು. ನಮ್ಮ ಮನೆಯವರು ಯಾರೋ ಹೊರಗಿನಿಂದ ಕರೆದರೆಂದು ಬಾಗಿಲ ಕಡೆ ನೋಡಿದರು. ಹಾಡು ಏರಿ ಮತ್ತೆ ನಿಂತಿತು.

"ಏ ರಾಚಪ್ಪಾ. ಇಲ್ಲಿ ನೋಡೋ."

ಈಗ ಅವರು ಬಾಗಿಲ ಕಡೆ ನೋಡಲಿಲ್ಲ. ಪಂಚರೂ ಯಾರ ಕಡೆಯೂ ನೋಡಲಿಲ್ಲ. ಮೂಕಹೊತ್ತಿನಲ್ಲಿ ಮಾಡುವಂತೆ ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ನನ್ನ ದನಿ ನಾನು ತಿಳಿದದ್ದಕ್ಕಿಂತ ದಪ್ಪಗಿತ್ತು. ಮೂರನೇ ಸಲ ಎಲ್ಲ ನಿಂತಾಗ ಅದು ಸ್ವಲ್ಪ ನಗುತ್ತಿತ್ತು.

"ಆ ಕಾಲ ಹೆಬ್ಬಟ್ಟ ಏನ್ ನೋಡ್ತಿ, ಮಂಗ್ಯಾ. ಒಂದೀಟು ನನ್ನ ಕಡೆ ನೋಡೋ ರಾಚಪ್ಪಾ."

ದಿನಾ ನಾಲ್ವರ ಕೈ ನೋಡಿ ನೋಡಿ, ಅವರ ಕೈ ನಿಂತಾಗ ನನ್ನ ಬಾಯಿ ತೆರೆಯುವುದು ರೂಢಿಯಾಗಿತ್ತು. ಅದು ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹಾಡು ಮುಗಿಯಿತು. ಫಣಿರಾಜ ಮುಂದಿನ ಸುರುಳಿಗೆ ಕೈ ಹಾಕಿದ.

"ತಡೀರಿ," ಅಂದರು ನಮ್ಮ ಮನೆಯವರು. "ಅದನ್ನ ಹೊಳ್ಳಿ ಹಾಕ್ರಿ."

ಹಾಕಿದ. ಮುಗಿಯಿತು.

"ಇನ್ನೊಮ್ಮಿ."

ಚಾದಂಗಡಿಯವನು ಒಲೆ ಊದುವುದನ್ನು ಬಿಟ್ಟು ನಿಂತಿದ್ದ. ಮೂರನೇ ಸಲ ಮುಗಿದ ಮೇಲೆ ನಮ್ಮ ಮನೆಯವರು ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಉಳಿದ ಹಾಡುಗಳನ್ನು ಕೇಳಲೇ ಇಲ್ಲ. ಟವೆಲಿನಿಂದ ಬಾಯಿ ಒರೆಸಿಕೊಂಡು, "ಯಾರದೂ ತಗೀಬ್ಯಾಡ್ರಿ," ಅಂದರು.

"ಸಾವ್ಕಾರ್ರ..." ಅಂದ ವೀರಭದ್ರಪ್ಪ.

"ನಿಮ್ಮವ್ವನ ಜೋಡಿ ಮಾತಾಡೀದಿ. ಅದರಾಗ ನಾಚೂದೇನೈತೋ? ನನ್ನ ಮಂಗ್ಯಾ ಅಂದಿದ್ದs ಹೊರಗ ಹೊಂಟೈತಿ."

ಇಷ್ಟು ಚಿಕ್ಕ ನ್ಯಾಯವನ್ನು ಅವರು ಹಿಂದೆಂದೂ ಹೇಳಿರಲಿಲ್ಲ. ಹೊರಗೆ ಕಾಶವ್ವ ಚೌಕಟ್ಟು ಬಿಟ್ಟು ನೆಲಕ್ಕೆ ಕುಳಿತದ್ದು ಕಂಡಿತು. ಮೌಲಾ, ಸಾಮುವೇಲ, ದ್ಯಾವಪ್ಪ ಅವಳ ಸುತ್ತ ನಿಂತು ಏನು ಮಾಡಬೇಕೆಂದು ತಿಳಿಯದೆ ಅವಳ ಕೈ ನೋಡುತ್ತಿದ್ದರು.

ನಾನು ಸೂಜಿ ಕೊಂಡೆ. ಸೇತುವೆ ದಾಟಿ ಮನೆಗೆ ಬರುವವರೆಗೂ ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ಪಂಚರು ಹೆದರಿ ಬೇರೆ ದಾರಿ ಹಿಡಿದರು. ಮನೆಗೆ ಬಂದ ಮೇಲೆ ಅಂಗಳದಲ್ಲಿ ನಿಂತು, ನನ್ನ ಕಡೆ ಬೆನ್ನು ಮಾಡಿ, "ಅದನ್ನ ಈಗೊಮ್ಮಿ ಅನ್ನು," ಅಂದರು.

"ಏನ್ರೀ?"

"ಅದs."

ಆಗ ಹಗಲಿತ್ತು, ಊರೆಲ್ಲ ಸಪ್ಪಳವಿತ್ತು. ನನ್ನ ಬಾಯಿಗೆ ಬರಲಿಲ್ಲ. "ಎಲಿ ಮುಗದಾವ್ರಿ, ತರ್ರಿ," ಅಂದೆ. ಅವರು ಹೋಗಿ ಎಲೆ ತಂದರು.

ನೆರಳು ಬಾವಿಕಟ್ಟೆ ಮುಟ್ಟಿತು. ಮಂದಿ ಹೊರಗೆ ಬಂದರು. ಅವರು ಆ ಕಡೆಯ ಕಟ್ಟೆಯ ಮೇಲೆ ಕುಳಿತರು, ನಾನು ಈ ಕಡೆ ಕುಳಿತೆ. ಸ್ವಲ್ಪ ಹೊತ್ತು ಹೆಬ್ಬೆರಳು ನೋಡಿದರು. ಆಮೇಲೆ ತಲೆಯೆತ್ತಿ, ನಾಲ್ಕು ಓಣಿಯ ಹಿರಿಯ ಮನುಷ್ಯ, ಎಲ್ಲರೆದುರು ನನ್ನ ಬಾಯಿ ನೋಡಿದರು. ಎದುರಿನ ಕಟ್ಟೆಯವರು ಗಾಬರಿಯಾಗಿ ಮುಖ ತಿರುಗಿಸಿದರು. ನನ್ನ ಬಾಯಿಯ ತುಂಬ ಎಲೆಯಿತ್ತು. ಅಂದು ನಾನು ಏನೂ ಅನ್ನಲಿಲ್ಲ.

ಕ್ಯಾಸೆಟ್ಟು ಹೊರಗೆ ಬಂತು. ಮೇಲೆ ಗೋಡೌನಿನ ಬಾಗಿಲಿನ ಚಿತ್ರ, ನಾಲ್ಕೋಣಿ ಎಂಬ ಹೆಸರು. ನಮ್ಮೂರಿನೊಳಗೆ ಅದು ಈಗಲೂ ಸುಮ್ಮನೆ ತಿರುಗುತ್ತದೆ. ಬಸ್ಸಿನವರು ಸೇತುವೆ ದಾಟಿದ ಕೂಡಲೇ ಹಾಕುತ್ತಾರೆ, ನಮ್ಮೂರಿನ ಕೆಲವರು ಆಗ ಕಿಟಕಿಯ ಹೊರಗೆ ನೋಡುತ್ತಾರೆ. ವೀರಭದ್ರಪ್ಪ ಮಾತ್ರ ನಾಲ್ಕನೇ ಹಾಡು ಮುಗಿಯುವವರೆಗೆ ಇಳಿಯುವುದಿಲ್ಲ, ತನ್ನ ನಿಲ್ದಾಣ ಹೋದರೂ. ಬ್ಯಾಂಡಿನವರು ಕೇಳಿಸಿಕೊಂಡು ಬಾರಿಸುವುದನ್ನು ಹೊಸದಾಗಿ ಕಲಿತರು. ಎರಡನೇ ಕ್ಯಾಸೆಟ್ಟನ್ನೂ ಮಾಡಿದರು. ಚೆನ್ನಾಗಿದೆ ಅನ್ನುತ್ತಾರೆ. ಕಾಶವ್ವ ಗಿರಣಿ ಬಿಟ್ಟಿಲ್ಲ, ಆದರೆ ಜೋಳ ಬೀಸಿಸಲು ಸೇತುವೆಯಾಚೆಯಿಂದಲೂ ಮಂದಿ ಬರುತ್ತದೆ, ಅವರಿಗೆ ಅಲ್ಲಿ ಗಿರಣಿ ಇಲ್ಲವೆಂದಲ್ಲ.

ಆಚೆಯ ಸಂತೆಗೆ ಹೋದಾಗ ಹುಡುಗರು ನಮ್ಮ ಮನೆಯವರ ಹಿಂದೆ ಹಿಂದೆ ನಡೆದು ಅದೇ ಮಟ್ಟಿನಲ್ಲಿ, "ಏ ರಾಚಪ್ಪಾ, ಇಲ್ಲಿ ನೋಡೋ" ಎಂದು ಕೂಗುತ್ತಾರೆ. ಹತ್ತೂರಿಗೆ ಆ ಹೆಸರು ನನ್ನ ದನಿಯಲ್ಲೇ ಗೊತ್ತು. ಅವರು ಕೋಲು ಎತ್ತಿ ಬೆದರಿಸುತ್ತಾರೆ, ಮನೆಗೆ ಬಂದು ಇವತ್ತು ಎಷ್ಟು ಮಂದಿ ಕರೆದರೆಂದು ನನಗೆ ಹೇಳುತ್ತಾರೆ. ಅವರಿಗೆ ಮಾತು ಮೊದಲಿನಷ್ಟೇ ಇದೆ. ನಾನು ಹ್ಞೂಂ ಅನ್ನುತ್ತೇನೆ.

ಎಲೆ-ಅಡಿಕೆಯ ತಟ್ಟೆಯನ್ನು ಮಾತ್ರ ತೊಳೆದು ಅಟ್ಟದ ಮೇಲೆ ಇಟ್ಟುಬಿಟ್ಟೆ. ಬಾಯಿ ತುಂಬಿದ್ದರೆ ಕರೆದದ್ದು ಅವರಿಗೆ ಕಾಣುವುದಿಲ್ಲ.